ನಾಲಗೆ ಬುಡದ ಗಂಟು

ಬಾಯಿ ಅಗಲಿಸಿ, ಟಾರ್ಚು ಬಿಟ್ಟು, ನಾಲಗೆಯನ್ನು ಕಡ್ಡಿಯಿಂದ ಅದುಮಿ ಒಳಗೆ ನೋಡಿದ ಡಾಕ್ಟರ್ ಪ್ರಿಯಂವದಾ ಮೊದಲು ಕೇಳಿದ್ದು, "ಇಲ್ಲಿ ಯಾರಮ್ಮ ಕೊಯ್ದಿದ್ದು?"

ಸೌಂದರ್ಯಾಳಿಗೆ ಉತ್ತರ ಗೊತ್ತಿತ್ತು. ಗೊತ್ತಿದ್ದದ್ದು ತಲೆಯಿಂದ ಬಾಯಿಗೆ ಬರುವುದಕ್ಕೆ ಹೊತ್ತು ಹಿಡಿಯಿತು. ಒಂದೂಮುಕ್ಕಾಲು ವರ್ಷದಿಂದ ಅವಳಿಗೆ ಎಲ್ಲದಕ್ಕೂ ಹೊತ್ತು ಹಿಡಿಯುತ್ತಿತ್ತು. ಏಳುವುದಕ್ಕೆ, ಸೀರೆ ಉಡುವುದಕ್ಕೆ, ಶ್ರೀರಾಂಪುರದ ಮನೆಯಿಂದ ಬಸ್‌ಸ್ಟಾಪಿನವರೆಗೆ ನಡೆಯುವುದಕ್ಕೆ. ಮುಖ ಊದಿಕೊಂಡಿತ್ತು. ಕೂದಲು ಬಾಚಣಿಗೆಗೆ ಕಂತೆಕಂತೆಯಾಗಿ ಬರುತ್ತಿತ್ತು. ಏಪ್ರಿಲ್ ತಿಂಗಳಲ್ಲೂ ಸ್ವೆಟರ್ ಬೇಕಾಗುತ್ತಿತ್ತು. ಬಸ್ಸಿನಲ್ಲಿ ಕಾಲೇಜು ಹುಡುಗರು "ಆಂಟಿ, ಕೂತ್ಕೊಳಿ" ಎಂದು ಸೀಟು ಬಿಡುತ್ತಿದ್ದರು. ಅವಳಿಗೆ ಇಪ್ಪತ್ತೈದು.

"ಮಲ್ಲೇಶ್ವರದ ದೊರೆಸ್ವಾಮಿ ಡಾಕ್ಟ್ರು" ಅಂದಳು. "ಗಂಟಿತ್ತು, ನೆಲ್ಲಿಕಾಯಿ ಗಾತ್ರ. ನುಂಗಕ್ಕೆ ಕಷ್ಟ ಆಗ್ತಿತ್ತು."

ಪ್ರಿಯಂವದಾ ರಕ್ತಪರೀಕ್ಷೆಗೆ ಬರೆದರು, ಕುತ್ತಿಗೆಯ ಸ್ಕ್ಯಾನಿಗೆ ಬರೆದರು. ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತು ಎರಡೂ ಮುಗಿಯಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ರಿಪೋರ್ಟುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದ ಆ ಡಾಕ್ಟರ ಮುಖದಲ್ಲಿ, ಯಾರನ್ನೋ ಬೈಯಬೇಕು, ಬೈಯಲು ಎದುರಿಗೆ ಆಸಾಮಿ ಇಲ್ಲ ಅನ್ನುವಂಥ ಕಳೆ ಇತ್ತು.

"ಥೈರಾಯ್ಡ್ ಅಂತ ಒಂದು ಗ್ರಂಥಿ ಇರುತ್ತೆ, ಎಲ್ರಿಗೂ ಕುತ್ತಿಗೆ ಮುಂಭಾಗದಲ್ಲಿ. ಮೈಗೆ ಬಿಸಿ, ಚುರುಕು, ಎಲ್ಲಾ ಅದರಿಂದಲೇ. ಮಗು ಹೊಟ್ಟೇಲಿದ್ದಾಗ ಅದು ಹುಟ್ಟೋದು ನಾಲಗೆ ಬುಡದಲ್ಲಿ. ಆಮೇಲೆ ನಿಧಾನಕ್ಕೆ ಕುತ್ತಿಗೆಗೆ ಇಳಿಯುತ್ತೆ. ಎಲ್ಲೋ ಕೆಲವರಿಗೆ ಇಳಿಯಲ್ಲ. ಹುಟ್ಟಿದ ಜಾಗದಲ್ಲೇ ಉಳ್ಕೊಂಡು, ಅಲ್ಲಿಂದಲೇ ಕೆಲಸ ಮಾಡ್ತಿರುತ್ತೆ. ನಿಮ್ಮದು ಹಾಗಿತ್ತು. ಅದನ್ನ ಗಂಟು ಅಂತ ತೆಗೆದುಬಿಟ್ಟಿದಾರೆ."

"ಕುತ್ತಿಗೇಲಿ ಇನ್ನೊಂದಿಲ್ವಾ ಮೇಡಂ?"

"ಇಲ್ಲ. ಇದ್ದಿದ್ದು ಅದೊಂದೇ. ಬುಡದಲ್ಲಿ ಚೂರೋ ಪಾರೋ ಉಳಿದಿರಬೇಕು, ಅದಕ್ಕೇ ಇನ್ನೂ ನಡ್ಕೊಂಡು ಬಂದಿದೀರ. ಕೊಯ್ಯೋಕೆ ಮುಂಚೆ ಕುತ್ತಿಗೆಗೆ ಒಂದು ಸ್ಕ್ಯಾನ್ ಮಾಡಿಸಿದ್ರೆ ಹತ್ತು ನಿಮಿಷದಲ್ಲಿ ಗೊತ್ತಾಗೋದು. ಮಾಡಿಸಿರಲಿಲ್ವಾ?"

"ಇಲ್ಲ."

ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ, ಬದುಕಿರುವವರೆಗೆ. ಎರಡು ಮೂರು ತಿಂಗಳಲ್ಲಿ ಮೈ ದಾರಿಗೆ ಬರುತ್ತದೆ ಎಂದರು. ಸೌಂದರ್ಯಾ ಕೈಚೀಲದಿಂದ ಕಚೇರಿಯ ನೋಟೀಸು ತೆಗೆದು ಮುಂದಿಟ್ಟಳು. ಅವಳು ಆಸ್ಪತ್ರೆಗೆ ಬಂದದ್ದೇ ಅದಕ್ಕಾಗಿ.

ಕುಮಾರ ಪಾರ್ಕಿನ ಹತ್ತಿರದ ಒಂದು ಇಲಾಖೆಯಲ್ಲಿ ಅವಳು ಬೆರಳಚ್ಚುಗಾರ್ತಿ. ತೊಂಬತ್ತಾರರ ಜೂನಿನಲ್ಲಿ ಸೇರಿದಾಗ ಆ ವಿಭಾಗದಲ್ಲಿ ಅವಳಷ್ಟು ವೇಗದ ಕೈ ಇನ್ನೊಂದಿರಲಿಲ್ಲ. ತೊಂಬತ್ತೇಳರ ಫೆಬ್ರವರಿಯಲ್ಲಿ ಆಪರೇಷನ್. ಬೇಸಿಗೆ ಮುಗಿಯುವಷ್ಟರಲ್ಲಿ ಬೆರಳುಗಳು ಕೀಲಿಗಳ ಮೇಲೆ ಕೂತಲ್ಲೇ ಕೂರತೊಡಗಿದವು. ಮಧ್ಯಾಹ್ನ ಮೂರಕ್ಕೆ ಮಷಿನ್ ಮೇಲೆ ತಲೆ ಇಟ್ಟು ನಿದ್ದೆ. ಸೂಪರಿಂಟೆಂಡೆಂಟ್ ನಾರಾಯಣಪ್ಪ ಮೂರು ಮೆಮೊ ಕೊಟ್ಟಾಗಿತ್ತು. ಪಕ್ಕದ ಸೀಟಿನ ತ್ರಿಪುರಸುಂದರಿ ಮೆಮೊ ಕೊಡುವ ಅಧಿಕಾರವಿಲ್ಲದ್ದರಿಂದ ಮಾತಿನಲ್ಲೇ ತೀರಿಸಿಕೊಳ್ಳುತ್ತಿದ್ದಳು. "ಕೋಟಾದಲ್ಲಿ ಸೀಟು ಸಿಗುತ್ತೆ ಕಣ್ರೀ, ಎಚ್ಚರ ಇರೋದು ಕೋಟಾದಲ್ಲಿ ಸಿಗಲ್ಲ." ಇಡೀ ವಿಭಾಗ ನಗುತ್ತಿತ್ತು. ಸೌಂದರ್ಯಾಳಿಗೆ ಅದು ಕೇಳುತ್ತಿತ್ತು, ಅರ್ಥವೂ ಆಗುತ್ತಿತ್ತು, ಸಿಟ್ಟು ಮಾತ್ರ ಬರುತ್ತಿರಲಿಲ್ಲ. ಸಿಟ್ಟು ಬರುವುದಕ್ಕೂ ಮೈಯಲ್ಲಿ ಒಂದಿಷ್ಟು ಬಿಸಿ ಬೇಕು.

ಕೊನೆಗೆ ಈ ನೋಟೀಸು. ಪ್ರೊಬೇಷನ್ ಅವಧಿಯಲ್ಲಿ ಕರ್ತವ್ಯಲೋಪ, ಕಚೇರಿಯಲ್ಲಿ ನಿದ್ರೆ. ಸೇವೆಯಿಂದ ಏಕೆ ತೆಗೆಯಬಾರದೆಂಬುದಕ್ಕೆ ಹದಿನೈದು ದಿನದೊಳಗೆ ಕಾರಣ ಕೊಡಬೇಕು. ಅದರಲ್ಲಿ ಏಳು ದಿನ ಆಗಲೇ ಕಳೆದಿತ್ತು.

ಪ್ರಿಯಂವದಾ ಓದಿದರು. "ಕಾಯಿಲೆ ಇದೆ ಅಂತ ಈಗಲೇ ಬರೆದುಕೊಡ್ತೀನಿ. ಆದ್ರೆ ಯಾವಾಗಿಂದ, ಯಾತಕ್ಕೆ ಅಂತ ನಾನು ಬರೀಬೇಕು ಅಂದ್ರೆ ಆಪರೇಷನ್ ಕಾಗದ ಬೇಕು. ಇಲ್ದೆ ಇದ್ರೆ ನಿಮ್ಮ ಆಫೀಸಿನವರು ಇದು ನಿನ್ನೆ ಮೊನ್ನೆ ಬಂದ ಕಾಯಿಲೆ, ಎರಡು ವರ್ಷದ ಸೋಮಾರಿತನಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತಾರೆ. ಆಗ ಮೆಡಿಕಲ್ ರಜೆ ಹಾಕಿದ್ರಲ್ಲ, ಅದಾದ್ರೂ ಇರುತ್ತಲ್ವಾ?"

ಅದೂ ಇರಲಿಲ್ಲ. ಮದುವೆಯಾಗದ ಹುಡುಗಿಯ ಗಂಟಲಲ್ಲಿ ಗಂಟು ಅಂತ ಊರಿಗೆಲ್ಲ ಗೊತ್ತಾಗುವುದು ಬೇಡ ಎಂದು ತಾಯಿ ಗಂಗರತ್ನಮ್ಮ ಹಟ ಹಿಡಿದಿದ್ದಳು. ಹಾಗಾಗಿ ಹದಿನೈದು ದಿನದ ರಜೆ ಅರ್ಜಿಯಲ್ಲಿ 'ಚಿಕ್ಕಪ್ಪನ ಮಗಳ ಮದುವೆ' ಎಂದು ಬರೆದಿತ್ತು.

ದೊರೆಸ್ವಾಮಿ ಡಾಕ್ಟರ ನರ್ಸಿಂಗ್ ಹೋಮಿನಲ್ಲಿ ಅವಳ ಅಪ್ಪ ಅಪ್ಪಯ್ಯ ಇಪ್ಪತ್ತೆರಡು ವರ್ಷದಿಂದ ಆಪರೇಷನ್ ಥಿಯೇಟರಿನ ಅಟೆಂಡರ್. ಮಲ್ಲೇಶ್ವರದಲ್ಲಿ ಅವನನ್ನು ಥಿಯೇಟರ್ ಅಪ್ಪಯ್ಯ ಅಂದರೆ ತಿಳಿಯುವವರಿದ್ದರು. ಕತ್ತರಿ ಚಾಕು ಕುದಿಸುವುದು, ರೋಗಿಯನ್ನು ಎತ್ತಿ ಮಲಗಿಸುವುದು, ಕೊಯ್ದು ತೆಗೆದದ್ದನ್ನು ಬೇಸಿನ್ನಿನಲ್ಲಿ ಹಿಡಿಯುವುದು ಅವನ ಕೆಲಸ. ಮಗಳ ನಾಲಗೆಯಿಂದ ತೆಗೆದದ್ದನ್ನೂ ಅವನೇ ಹಿಡಿದಿದ್ದ. ಹನ್ನೊಂದು ಗಂಟೆಗೆ ಡಾಕ್ಟರ ಮನೆಯಿಂದ ಅವನಿಗೆ ಕಾಫಿ ಬರುತ್ತಿತ್ತು. ಕುಡಿದ ಮೇಲೆ ಲೋಟವನ್ನು ಅವನೇ ತೊಳೆದು ಹಿತ್ತಲ ಕಿಟಕಿಯ ಕಟ್ಟೆಯ ಮೇಲೆ, ಉಳಿದ ಲೋಟಗಳಿಂದ ಒಂದು ಮಾರು ದೂರದಲ್ಲಿ ಕವುಚಿ ಇಡುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಲೋಟ ಮೂರು ಸಲ ಬದಲಾಗಿತ್ತು. ಜಾಗ ಬದಲಾಗಿರಲಿಲ್ಲ.

ಸೌಂದರ್ಯಾ ಹೋದಾಗ ಅಪ್ಪಯ್ಯ ಥಿಯೇಟರಿನ ಒಳಗಿದ್ದ. ಡಾಕ್ಟರು ಅವಳನ್ನು ನೋಡಿ ನಿಜವಾಗಿ ಸಂತೋಷಪಟ್ಟರು.

"ಬಾರಮ್ಮ, ಅಪ್ಪಯ್ಯನ ಮಗಳಲ್ವಾ? ಏನು ಇಷ್ಟು ದಪ್ಪ ಆಗಿದೀಯ? ಬಿ-ಕಾಂಪ್ಲೆಕ್ಸ್ ಬರೆದು ಕಳಿಸಿದ್ನಲ್ಲ, ತಗೊಂಡ್ಯಾ?"

ಅವಳು ರಿಪೋರ್ಟು ತೋರಿಸಿದಳು. ಅವರು ಕನ್ನಡಕ ಮೇಲೆತ್ತಿ ನೋಡಿದರು. ನೋಡಿದ್ದು ಬಹಳ ಹೊತ್ತಾಯಿತು.

"ಆಗುತ್ತಮ್ಮ ಹೀಗೆ, ಸಾವಿರಕ್ಕೊಂದು. ಮಾತ್ರೆ ತಗೋ, ಸರಿಹೋಗುತ್ತೆ. ನುಂಗೋ ತೊಂದರೆ ಹೋಯ್ತೋ ಇಲ್ವೋ?"

"ಹೋಯ್ತು."

"ಮತ್ತೆ?"

ಆಪರೇಷನ್ ಆಯಿತು ಅನ್ನುವುದಕ್ಕೆ ಒಂದು ಕಾಗದ ಬೇಕು ಅಂದಳು, ಕಚೇರಿಗೆ.

"ಕಾಗದ ಎಲ್ಲಿಂದ ತರ್ಲಿ? ನಿಂದು ಅಡ್ಮಿಷನ್ನೇ ಮಾಡಿಲ್ವಲ್ಲ. ದುಡ್ಡು ಕಟ್ಟಿಸ್ಕೊಂಡಿದ್ರೆ ಕೇಸ್‌ಶೀಟು, ರಸೀದಿ, ಬಯಾಪ್ಸಿ, ಎಲ್ಲಾ ಇರ್ತಿತ್ತು. ಅಪ್ಪಯ್ಯನ ಮಗಳು ಅಂತ ಒಂದು ಭಾನುವಾರ ಮಾಡಿಕೊಟ್ಟೆ. ಈಗ ಹಿಂದಿನ ತಾರೀಖು ಹಾಕಿ ಬರೆದುಕೊಡೋಕಾಗುತ್ತಾ? ಅದು ತಪ್ಪು." ಸುಳ್ಳು ಬರೆಯುವುದು ತಪ್ಪೆಂದು ಅವರು ನಂಬಿದ್ದರು. ಆ ವಿಷಯದಲ್ಲಿ ಅವರ ಪ್ರಾಮಾಣಿಕತೆಯನ್ನು ಅನುಮಾನಿಸುವ ಹಾಗಿರಲಿಲ್ಲ.

ಹೊರಗೆ ಆಯಾ ತಿಮ್ಮಕ್ಕ ಮೆಟ್ಟಿಲು ಒರೆಸುತ್ತಿದ್ದಳು. ಸಂಗತಿ ಕೇಳಿ ಬಟ್ಟೆಯನ್ನು ಬಕೆಟ್ಟಿಗೆ ಬಿಟ್ಟಳು.

"ಸ್ಕ್ಯಾನ್ ಮಾಡ್ಸಿರ್ಲಿಲ್ವಾ ನಿಂಗೆ? ಕತ್ತಲ್ಲಿ ಗಂಟು, ಗಂಟಲಲ್ಲಿ ಗಂಟು ಅಂತ ಯಾರು ಬಂದ್ರೂ ಮೊದ್ಲು ಸ್ಕ್ಯಾನಿಗೆ ಚೀಟಿ ಬರೀತಾರೆ ಕಣವ್ವ."

"ಎಲ್ಲಿಗೆ?"

"ಇಲ್ಲೇ, ಎರಡು ಕ್ರಾಸ್ ಆಚೆ. ಪೇಷಂಟನ್ನ ಕರ್ಕೊಂಡೋಗೋದು ಯಾರು ಮತ್ತೆ? ನಿಮ್ಮಪ್ಪನೇಯ."

ಆವತ್ತು ಸಂಜೆ ಅಪ್ಪಯ್ಯ ಕೈಕಾಲು ತೊಳೆದು ಒಳಗೆ ಬರುವವರೆಗೆ ಸೌಂದರ್ಯಾ ಚಾಪೆಯ ಮೇಲೆ ಕೂತೇ ಇದ್ದಳು. ಗಂಗರತ್ನಮ್ಮ ಒಲೆಯ ಮುಂದೆ ಸಾರು ತಿರುವುತ್ತಿದ್ದಳು.

"ಗಂಟಿರೋರನ್ನೆಲ್ಲ ನೀನೇ ಕರ್ಕೊಂಡೋಗ್ತೀಯಂತೆ ಸ್ಕ್ಯಾನಿಗೆ."

"ಯಾರಂದ್ರು?"

"ಕರ್ಕೊಂಡೋಗ್ತೀಯೋ ಇಲ್ವೋ?"

"ಹೂಂ. ಡಾಕ್ಟ್ರು ಚೀಟಿ ಕೊಟ್ರೆ ಹೋಗ್ತೀನಿ. ನಿಂಗೆ ಅವ್ರು ಬರೀಲಿಲ್ಲ."

"ಕೇಳ್ಬೇಕಾಗಿತ್ತು."

"ಹೆಂಗಮ್ಮ ಕೇಳ್ಲಿ? ಪುಕ್ಕಟೆ ಮಾಡ್ತೀನಿ ಅಂದೋರ ಹತ್ರ ಅದ್ಯಾಕಿಲ್ಲ ಇದ್ಯಾಕಿಲ್ಲ ಅನ್ನಕ್ಕಾಗುತ್ತಾ? ಅವ್ರ ಕೈಗುಣದ ಮೇಲೆ ಅನುಮಾನ ಪಟ್ಟಂಗಾಗಲ್ವಾ?"

"ಆವತ್ತು ನಿಂಗೆ ಅನ್ನಿಸ್ಲಿಲ್ವಾ? ಎಲ್ರಿಗೂ ಮಾಡಿಸ್ತಾರೆ, ನನ್ನ ಮಗಳಿಗೆ ಮಾಡಿಸ್ತಾ ಇಲ್ಲ ಅಂತ?"

ಅಪ್ಪಯ್ಯ ಟವೆಲಿನಿಂದ ಮತ್ತೊಮ್ಮೆ ಮುಖ ಒರೆಸಿಕೊಂಡ. ಮುಖ ಆಗಲೇ ಒಣಗಿತ್ತು. ಅವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಅನ್ನಿಸ್ತು" ಅಂದ.

ಗಂಗರತ್ನಮ್ಮ ಒಲೆಯ ಮುಂದಿನಿಂದ ಎದ್ದಳು. "ಏನಂದೆ?"

"ಅನ್ನಿಸ್ತು, ಸುಮ್ನಾದೆ."

"ನಾನಿವಳ ಮುಖಕ್ಕೆ ನೀರೆರಚಿ ಎಬ್ಬಿಸ್ತಿದ್ನಲ್ಲ. ಸೋಮಾರಿ ಮುಂಡೆ, ಕೊಬ್ಬು ಬಂದೈತೆ ಅಂತ ಬೀದಿಗೆ ಕೇಳೋಂಗೆ ಬೈತಿದ್ನಲ್ಲ. ಆವಾಗ್ಲಾದ್ರೂ ಬಾಯಿಬಿಡ್ಬಾರ್ದಾಗಿತ್ತಾ?"

"ಅದಕ್ಕೂ ಇದಕ್ಕೂ ಸಂಬಂಧ ಐತೆ ಅಂತ ನಂಗೇನು ಗೊತ್ತು?"

ಅದು ನಿಜವೇ ಇರಬಹುದು. ಆದರೆ ಆ ಹೊತ್ತಿಗೆ ಸೌಂದರ್ಯಾಳಿಗೆ ನಿಜ ಬೇಕಿರಲಿಲ್ಲ, ಸಹಿ ಬೇಕಿತ್ತು. ಥಿಯೇಟರಿನಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದು, ಕೆಳಗೆ ಅವನು ರುಜು ಹಾಕಬೇಕು ಅಂದಳು.

"ಡಾಕ್ಟ್ರ ಮೇಲೆ ದೂರಾ? ನನ್ನ ಜೀವ ಹೋದ್ರೂ ಇಲ್ಲ."

"ನನ್ನ ಕೆಲ್ಸ ಹೋಗುತ್ತಪ್ಪ."

"ಹೋದ್ರೆ ಹೋಗ್ಲಿ. ಅನ್ನ ಕೊಟ್ಟ ಕೈ ಅದು."

ಇಪ್ಪತ್ತೆರಡು ವರ್ಷ ಅನ್ನ ದುಡಿದದ್ದು ಯಾರ ಕೈ ಎಂದು ಕೇಳಬೇಕೆನಿಸಿತು. ಕೇಳಿದರೂ ಆ ಮನುಷ್ಯನಿಗೆ ಪ್ರಶ್ನೆ ಅರ್ಥವಾಗುವುದಿಲ್ಲ ಎಂದು ಗೊತ್ತಿತ್ತು.

ಮೂರು ದಿನ ಮನೆಯಲ್ಲಿ ಮಾತಿರಲಿಲ್ಲ. ನಾಲ್ಕನೆಯ ದಿನ ಅಪ್ಪಯ್ಯ ತಾನಾಗಿ ಮಗಳ ಹತ್ತಿರ ಬಂದು ಕೂತ. ನರ್ಸಿಂಗ್ ಹೋಮಿಗೆ ಇಪ್ಪತ್ತೈದು ವರ್ಷ ತುಂಬುತ್ತಿದೆ. ಚಾಮರಾಜಪೇಟೆಯ ಸಭಾಂಗಣದಲ್ಲಿ ಡಾಕ್ಟರಿಗೆ ಸನ್ಮಾನ, ಪೇಟ, ಶಾಲು, ಹಣ್ಣಿನ ಬುಟ್ಟಿ, ಎಲ್ಲ ಇದೆ. ಸ್ಮರಣ ಸಂಚಿಕೆ ತರುತ್ತಾರೆ. ಅದಕ್ಕೆ ಹಳೇ ಕೆಲಸದವರದೂ ಎರಡು ಮಾತು ಬೇಕಂತೆ. ನಿನ್ನ ಆಪರೇಷನ್ ವಿಷಯ ಹಾಕಿ ಚೆನ್ನಾಗಿ ಟೈಪ್ ಮಾಡಿಕೊಡು ಅಂದ. ನಾಚಿಕೆಯಿಲ್ಲದೆ ಅಂದನೆಂದಲ್ಲ; ಇದರಿಂದ ಮನೆಯ ಜಗಳವೂ ತಣ್ಣಗಾಗುತ್ತದೆ, ಡಾಕ್ಟರ ಮುಂದೆ ಮಗಳ ಮರ್ಯಾದೆಯೂ ಉಳಿಯುತ್ತದೆ ಎಂದು ಅವನು ಪ್ರಾಮಾಣಿಕವಾಗಿ ಎಣಿಸಿದ್ದ.

ಸೌಂದರ್ಯಾ ಅವನ ಮುಖಕ್ಕೆ ಉಗಿಯಬೇಕೆಂದುಕೊಂಡಳು. ಮಾತ್ರೆ ಶುರುವಾಗಿ ನಾಲ್ಕು ದಿನವಾಗಿತ್ತು. ತಲೆಯೊಳಗೆ ಯಾವುದೋ ಮೂಲೆಯಲ್ಲಿ ಒಂದು ದೀಪ ಹತ್ತಿದ ಹಾಗಿತ್ತು. ಉಗಿಯುವ ಬದಲು, "ಸರಿ, ಹೇಳು" ಅಂದಳು.

ಅವನು ಹೇಳಿದ. ಅವಳು ಮಾರನೆಯ ದಿನ ಕಚೇರಿ ಬಿಟ್ಟ ಮೇಲೆ ಸಂಪಿಗೆ ರಸ್ತೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಒಂದು ಮಷಿನ್ ಬಾಡಿಗೆಗೆ ಹಿಡಿದು ಬಡಿದಳು. ಅಪ್ಪ ಹೇಳಿದ ಹೊಗಳಿಕೆಯಲ್ಲಿ ಒಂದಕ್ಷರವನ್ನೂ ಬಿಡಲಿಲ್ಲ. ಡಾಕ್ಟರು ದೇವರಂಥವರು. ನನ್ನಂಥ ಬಡವನ ಮಗಳು ಕುಮಾರಿ ಸೌಂದರ್ಯಾಳ ನಾಲಗೆಯ ಬುಡದಲ್ಲಿದ್ದ ಗಂಟನ್ನು ದಿನಾಂಕ 9-2-1997ರ ಭಾನುವಾರ ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ಸ್ಕ್ಯಾನು, ಬಯಾಪ್ಸಿ ಮುಂತಾದ ಯಾವ ಖರ್ಚಿಗೂ ನಮ್ಮನ್ನು ಗುರಿಮಾಡಲಿಲ್ಲ. ಬಿಡಿಗಾಸು ಮುಟ್ಟಲಿಲ್ಲ. 'ಗುರಿಮಾಡಲಿಲ್ಲ' ಎಂಬುದೊಂದು ಅವಳ ಮಾತು. ಅಪ್ಪಯ್ಯ ಬೆರಳಿಟ್ಟು ಓದಿ, ಆ ಮಾತಿನ ಹತ್ತಿರ ನಿಂತು, "ಇದು ಚೆನ್ನಾಗೈತೆ" ಎಂದು ತಲೆದೂಗಿ ಸಹಿ ಹಾಕಿದ.

ಅವಳಿಗೆ ಅಷ್ಟು ಸಾಕಿತ್ತು. ಅದಕ್ಕಿಂತ ಹೆಚ್ಚಿನದು ತಾನಾಗಿ ಬಂತು. ಸಂಚಿಕೆಗೆ ಹೋಗುವ ಪ್ರತಿ ಬರಹವನ್ನೂ ದೊರೆಸ್ವಾಮಿಯವರೇ ತಿದ್ದುತ್ತಿದ್ದರು. ಬೇರೆಯವರು ತಮ್ಮನ್ನು ಹೊಗಳುವಾಗ ವಿವರ ತಪ್ಪಬಾರದು ಎಂಬುದು ಅವರ ಶಿಸ್ತು. ಎರಡು ದಿನದ ಮೇಲೆ ಅಪ್ಪಯ್ಯ ಹಾಳೆಯನ್ನು ವಾಪಸು ತಂದ. "ಡಾಕ್ಟ್ರು ತಿದ್ದವ್ರೆ. ಇನ್ನೊಂದ್ಸಲ ನೀಟಾಗಿ ಹೊಡ್ಕೊಡು."

ಹಸಿರು ಇಂಕು. 'ಗಂಟು' ಎಂಬುದನ್ನು ಹೊಡೆದುಹಾಕಿ, ಮೇಲೆ 'ಎರಡೂವರೆ ಸೆಂಟಿಮೀಟರ್ ಗಡ್ಡೆ, ಬುಡಸಮೇತ' ಎಂದು ಬರೆದಿದ್ದರು. 'ಶಸ್ತ್ರಚಿಕಿತ್ಸೆ ಮಾಡಿ' ಎಂಬುದರ ಪಕ್ಕದಲ್ಲಿ 'ಸ್ವತಃ ನಾನೇ, ಕೇವಲ ನಲವತ್ತು ನಿಮಿಷದಲ್ಲಿ' ಎಂದು ಬರೆದು, 'ನಾನೇ' ಹೊಡೆದು 'ಅವರೇ' ಮಾಡಿದ್ದರು. ಕೆಳಗೆ ಚಿಕ್ಕ ಸಹಿ, ಅಂದಿನ ತಾರೀಖು.

ಸೌಂದರ್ಯಾ ಸಂಚಿಕೆಗೆ ನೀಟಾದ ಪ್ರತಿ ಹೊಡೆದುಕೊಟ್ಟಳು. ಹಸಿರು ಇಂಕಿನ ಹಾಳೆ ಅವಳ ಕೈಚೀಲದಲ್ಲಿ ಉಳಿಯಿತು. ಮಾರನೆಯ ಬೆಳಿಗ್ಗೆ ಅದನ್ನು ನೋಡಿದ ಪ್ರಿಯಂವದಾ, ಒಂದು ಕ್ಷಣ ನಕ್ಕು, ನಗು ನಿಲ್ಲಿಸಿ, ಪುಟ ತುಂಬ ಸರ್ಟಿಫಿಕೇಟ್ ಬರೆದುಕೊಟ್ಟರು.

ಹದಿನೈದನೆಯ ದಿನ ಉಪನಿರ್ದೇಶಕ ನಂಜುಂಡಯ್ಯನವರ ಕೊಠಡಿ. ಪಕ್ಕದಲ್ಲಿ ಫೈಲು ಹಿಡಿದ ನಾರಾಯಣಪ್ಪ. ನಂಜುಂಡಯ್ಯ ಸರ್ಟಿಫಿಕೇಟ್ ಓದಿದರು, ಹಸಿರು ಇಂಕಿನ ಹಾಳೆ ಓದಿದರು, ತಿರುಗಿಸಿ ಹಿಂಬದಿಯನ್ನೂ ನೋಡಿದರು.

"ಇದೇನಮ್ಮ, ಡಾಕ್ಟರನ್ನ ಹೊಗಳಿರೋ ಕಾಗದ ತಂದಿದೀಯಲ್ಲ."

"ಹೌದು ಸಾರ್. ಬೈಯೋ ಕಾಗದಕ್ಕೆ ಯಾರೂ ಸಹಿ ಹಾಕಲಿಲ್ಲ."

"ಇದು ಆ ಡಾಕ್ಟರ ಅಕ್ಷರ ಅಂತ ಹೇಗೆ ನಂಬೋದು?"

ಅವಳು ನರ್ಸಿಂಗ್ ಹೋಮಿನ ಹೆಸರು ಅಚ್ಚಾದ ನಾಲ್ಕು ಬಿ-ಕಾಂಪ್ಲೆಕ್ಸ್ ಚೀಟಿ ಮೇಜಿನ ಮೇಲಿಟ್ಟಳು. ಅದೇ ಇಂಕು, ಅದೇ ಬಾಲ ತಿರುಚಿದ ಸಹಿ.

ನಾರಾಯಣಪ್ಪ ಕೆಮ್ಮಿದ. "ಸಾರ್, ಆ ತಿಂಗಳು ಈಯಮ್ಮ ಮದುವೆ ಅಂತ ರಜೆ ಹಾಕಿದಾರೆ."

"ಸುಳ್ಳು ಬರೆದಿದ್ದೆ ಸಾರ್."

"ಅದಕ್ಕೆ ಬೇರೆ ಮೆಮೊ ಆಗುತ್ತಮ್ಮ" ಅಂದರು ನಂಜುಂಡಯ್ಯ.

"ಕೊಡಿ ಸಾರ್. ಮಾಡಿದ ತಪ್ಪಿಗೆ ಕೊಡಿ. ನಾನು ಸೋಮಾರಿ ಅಂತ ಬರೆದಿದ್ದೀರಲ್ಲ, ಅದನ್ನ ಹೊಡೆದುಹಾಕಿ. ಕೋಟಾದವಳು, ನಿದ್ದೆಬಡುಕಿ ಅಂತ ವಿಭಾಗದಲ್ಲಿ ಎರಡು ವರ್ಷ ನಕ್ಕಿದಾರೆ. ಅದನ್ನ ಫೈಲಲ್ಲಿ ಯಾರೂ ಬರೆದಿಲ್ಲ, ಹಾಗಾಗಿ ಹೊಡೆದುಹಾಕಿ ಅಂತ ಕೇಳಕ್ಕೂ ನನಗೆ ದಾರಿಯಿಲ್ಲ."

ನಾರಾಯಣಪ್ಪ ಫೈಲಿನ ದಾರ ಬಿಚ್ಚಿ ಮತ್ತೆ ಕಟ್ಟಿದ.

ಆದೇಶ ಬಂತು. ಪ್ರೊಬೇಷನ್ ಆರು ತಿಂಗಳು ಮುಂದಕ್ಕೆ, ಅಲ್ಲಿಯವರೆಗೆ ಕೆಲಸದಲ್ಲಿರಬಹುದು, ವಿಷಯವನ್ನು ಮೆಡಿಕಲ್ ಬೋರ್ಡಿನ ಅಭಿಪ್ರಾಯಕ್ಕೆ ಕಳಿಸಲಾಗಿದೆ. ಸುಳ್ಳು ರಜೆಗೆ ಒಂದು ಎಚ್ಚರಿಕೆ ಪತ್ರ. ತ್ರಿಪುರಸುಂದರಿ ಒಂದು ದಿನ ಹುಳಿಯನ್ನ ತಂದು, "ಮೊದಲೇ ಹೇಳ್ಬಾರ್ದಾಗಿತ್ತೇನ್ರೀ" ಅಂದಳು. ಸೌಂದರ್ಯಾ ಡಬ್ಬಿಯ ಮುಚ್ಚಳ ತೆಗೆಯದೆ ಅವಳ ಮೇಜಿಗೆ ವಾಪಸಿಟ್ಟಳು.

ಜನವರಿಯಲ್ಲಿ ಬೋರ್ಡಿನವರು ದೊರೆಸ್ವಾಮಿಯವರಿಗೆ ಕಾಗದ ಬರೆದು ವಿವರಣೆ ಕೇಳಿದರು. ಜೊತೆಗೆ ಹಸಿರು ಇಂಕಿನ ಹಾಳೆಯ ಜೆರಾಕ್ಸ್ ಇತ್ತು. ಅದು ತಲುಪಿದ್ದು ಸನ್ಮಾನಕ್ಕೆ ಎರಡು ದಿನ ಮುಂಚೆ, ಒಂದು ಶನಿವಾರ.

ಆ ಶನಿವಾರ ಅಪ್ಪಯ್ಯ ಮಧ್ಯಾಹ್ನ ಎರಡಕ್ಕೇ ಮನೆಗೆ ಬಂದ. ಅಂದು ಎರಡನೇ ಶನಿವಾರವಾದ್ದರಿಂದ ಸೌಂದರ್ಯಾಳಿಗೂ ರಜೆ. ಅವನು ಚಪ್ಪಲಿ ಬಿಡದೆ ಹೊಸ್ತಿಲ ಹೊರಗೇ ನಿಂತ.

"ಇನ್ನು ಬರಬೇಡ ಅಂದ್ರು."

ಗಂಗರತ್ನಮ್ಮ ಒಲೆಯ ಉರಿ ತಗ್ಗಿಸಿದಳು.

"ಬೈಲಿಲ್ಲ. ಜೋರಾಗೂ ಮಾತಾಡ್ಲಿಲ್ಲ. ನಿನ್ನ ನಂಬಿದ್ದೆ ಅಪ್ಪಯ್ಯ ಅಂದ್ರು, ಅಷ್ಟೇಯ. ನೀನು ನನ್ ಕೈಲಿ ದ್ರೋಹ ಮಾಡಿಸ್ದೆ."

"ನಿನ್ನ ಕೈಲಿ ನಾನು ನಿಜ ಬರೆಸ್ದೆ. ಅದರಲ್ಲಿ ಯಾವುದು ಸುಳ್ಳು ತೋರಿಸು."

"ಸುಳ್ಳಿಲ್ಲ. ಅವ್ರು ನಿನ್ನ ಜೀವ ಉಳಿಸಿದೋರು ಕಣೇ."

"ಜೀವಕ್ಕೆ ಏನಾಗಿತ್ತು? ನುಂಗಕ್ಕೆ ಕಷ್ಟ ಆಗ್ತಿತ್ತು, ಅಷ್ಟೆ. ಎರಡು ವರ್ಷ ನಾನು ಹೆಣದ ಥರ ಓಡಾಡಿದ್ದು ಆಮೇಲೆ."

ಅಪ್ಪಯ್ಯ ಒಳಗೆ ಬಂದು ಗೋಡೆಗೊರಗಿ ಕೂತ. ಐವತ್ತೆಂಟು ವರ್ಷದ ಆ ಮನುಷ್ಯನಿಗೆ ಶನಿವಾರ ಮಧ್ಯಾಹ್ನ ಮನೆಯಲ್ಲಿ ಎಲ್ಲಿ ಕೂರಬೇಕೆಂದು ತಿಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ದನಿ ಇಳಿಸಿ, ಮಗಳನ್ನು ಕೇಳುವವನ ಹಾಗೆ ಅಂದ: "ನಡಿ, ಹೋಗಿ ಬರಣ. ಒಂದ್ಸಲ ಅವ್ರ ಕಾಲಿಗೆ ಬಿದ್ಬಿಡು. ಗೊತ್ತಾಗ್ದೆ ಮಾಡಿದ್ಲು ಅಂತ ನಾನು ಹೇಳ್ತೀನಿ. ದೊಡ್ಡ ಮನಸ್ಸು ಅವ್ರದು, ಸೇರಿಸ್ಕೋತಾರೆ."

"ಗೊತ್ತಿದ್ದೇ ಮಾಡಿದೀನಿ."

"ಒಂದೇ ಒಂದ್ಸಲ ಬೀಳೆ."

"ನೀನು ನನ್ನ ಕಾಲಿಗೆ ಯಾವಾಗ ಬೀಳ್ತೀಯ?"

ಮಾತು ಹೊರಗೆ ಬಿದ್ದ ಮೇಲೆ ಸೌಂದರ್ಯಾ ತಾಯಿಯ ಕಡೆ ನೋಡಿದಳು. ಹೆತ್ತಪ್ಪನಿಗೆ ಹಿಂಗಂತಾರಾ ಎಂದು ಗಂಗರತ್ನಮ್ಮ ಸೌಟು ಎತ್ತಿಕೊಂಡು ಬರಬೇಕಿತ್ತು. ಬರಲಿಲ್ಲ. ಅವಳು ಎರಡು ತಟ್ಟೆ ತಂದಿಟ್ಟು, ಎರಡಕ್ಕೂ ಮುದ್ದೆ ಹಾಕಿ, ಸಾರು ಬಿಟ್ಟಳು. ಅಪ್ಪಯ್ಯ ತನ್ನ ತಟ್ಟೆಯನ್ನು ಆಚೆ ಸರಿಸಿದ. ಉಣ್ಣು ಎಂದು ಅವನಿಗೆ ಯಾರೂ ಹೇಳಲಿಲ್ಲ.

ಸೌಂದರ್ಯಾ ಮುದ್ದೆ ಮುರಿದಳು. ಸಿಟ್ಟು ಇಳಿದಿರಲಿಲ್ಲ, ಇಳಿಸಿಕೊಳ್ಳುವ ಯೋಚನೆಯೂ ಅವಳಿಗಿರಲಿಲ್ಲ. ಹೊಟ್ಟೆ ಹಸಿದಿತ್ತು. ಎರಡು ವರ್ಷದಲ್ಲಿ ಹೀಗೆ ಹಸಿದದ್ದಿಲ್ಲ. ಅಪ್ಪನ ಎದುರಿಗೇ ಕೂತು ಪೂರ್ತಿ ಉಂಡಳು, ಇನ್ನರ್ಧ ಹಾಕಿಸಿಕೊಂಡಳು.